ಅರ್ಧಕ್ಕೆ ನಿಂತ ಬೈಗುಳ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಾಕೊಲೇಟ್ ಕಾರ್ಖಾನೆಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಕಹಿಯಣ್ಣ ಮೊಣಕೈವರೆಗೆ ರಬ್ಬರ್ ಗ್ಲೌಸು ಏರಿಸಿಕೊಂಡು ದೊಡ್ಡ ಡ್ರಮ್ಮಿನ ತಿರುಪು ಸಡಿಲಿಸುತ್ತಿದ್ದಾರೆ. "ಹಿಂದೆ ಸರೀರಿ ಮೇಡಂ, ಉಗಿ ಮುಖಕ್ಕೇ ಹೊಡೆಯುತ್ತೆ" ಎನ್ನುವಷ್ಟರಲ್ಲಿ ಡ್ರಮ್ಮಿನ ಬಾಗಿಲು ತೆರೆದುಕೊಳ್ಳುತ್ತದೆ. ಬಿಸಿ ಉಗಿ ಭುಸ್ಸೆಂದು ನುಗ್ಗಿ ನನ್ನ ಕನ್ನಡಕ ಮಂಜಾಗುತ್ತದೆ, ಕಣ್ಣು ಉರಿಯುತ್ತದೆ. ಚಾಕೊಲೇಟ್ ಕಾರ್ಖಾನೆ ಅಂದರೆ ಬಾಯಲ್ಲಿ ನೀರೂರಿಸುವ ಘಮಘಮ ಎಂದುಕೊಂಡು, ಪತ್ರಿಕೆಯ ಅಂಕಣ ಬರೆಯಲು ಬಂದವಳು ನಾನು. ಇಲ್ಲಿ ಮೂಗಿಗೆ ಬಡಿಯುವುದು ಹುಳಿ ವಾಸನೆ, ಅದರ ಬೆನ್ನಿಗೇ ಬಟ್ಟೆ ಸೋಪಿನ ವಾಸನೆ. ನನ್ನ ಮುಖ ನೋಡಿ ಕಹಿಯಣ್ಣನಿಗೆ ನಗು ಬರುತ್ತದೆ. "ಎಲ್ರೂ ಹೀಗೇ ಮೂಗು ಮುಚ್ಕೋತಾರೆ. ಪರಿಮಳ ಬೇಕಾದ್ರೆ ಮುಂದಿನ ಬಾಗಿಲಿಂದ ಬರ್ಬೇಕಿತ್ತು ನೀವು."

ಅವರ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ. ಕೋಕೋ ಬೀಜವನ್ನು ಹುರಿದು, ಒಡೆದು, ಸಿಪ್ಪೆ ಹಾರಿಸಿದರೆ ಉಳಿಯುವ ಚೂರಿಗೆ ಇಲ್ಲಿ ನುಚ್ಚು ಅನ್ನುತ್ತಾರೆ. ನುಚ್ಚಿನ ಬಣ್ಣ ಇಟ್ಟಿಗೆಯ ಹಾಗೆ ಕೆಂಪು ಮಿಶ್ರಿತ ಕಂದು. ಒಂದು ಚೂರು ನಾಲಿಗೆಗೆ ಇಟ್ಟುಕೊಂಡರೆ ಬಾಯೆಲ್ಲ ಒಗರು, ಕಹಿ, ನೆತ್ತಿಯವರೆಗೆ ಏರುವ ಹುಳಿ. ಕಹಿಯಣ್ಣ ಆ ನುಚ್ಚನ್ನು ಡ್ರಮ್ಮಿಗೆ ಸುರಿದು, ಕ್ಷಾರ ಎಂಬ ಬಿಳಿ ಪುಡಿ ಕರಗಿಸಿದ ನೀರು ಹಾಕಿ, ಉಗಿ ಕೊಟ್ಟು ಉರುಳಿಸುತ್ತಾರೆ. ಹೊರಗೆ ಬರುವಾಗ ಅದೇ ನುಚ್ಚು ಇದ್ದಿಲಿನಷ್ಟು ಕಪ್ಪು. ಕಹಿಯೂ ಹುಳಿಯೂ ಅಡಗಿರುತ್ತವೆ. ಮುಂದಿನ ಬಾಗಿಲಿನಿಂದ ಹೊರಡುವ ಕಪ್ಪು ಚಾಕೊಲೇಟಿಗೆ ಆ ಮಿರಮಿರ ಮಿನುಗುವ ಬಣ್ಣ ಬರುವುದು ಹಿಂದಿನ ಈ ಶೆಡ್ಡಿನಲ್ಲಿ.

ಕಪ್ಪು ಸಾಕೋ ಸಾಲದೋ ಎಂದು ಹೇಳಲು ಯಂತ್ರವೊಂದಿದೆ, ಕೆಟ್ಟು ಕೂತಿದೆ. ಹಾಗಾಗಿ ಕಹಿಯಣ್ಣನ ಕಣ್ಣು, ನಾಲಿಗೆಗಳೇ ಯಂತ್ರ. ಒಂದು ಚಿಟಿಕೆ ನುಚ್ಚನ್ನು ಬಿಳಿ ಟೈಲ್ಸಿನ ಮೇಲೆ ಉಜ್ಜಿ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಒಂದು ಚೂರು ಕಚ್ಚಿ, ಬಾಯಲ್ಲಿ ಹೊರಳಿಸಿ, ಪಕ್ಕದ ಬಕೆಟ್ಟಿಗೆ ಉಗಿಯುತ್ತಾರೆ. ಕಹಿ ಉಳಿದಿದ್ದರೆ ಇನ್ನೊಂದು ಸುತ್ತು. ಹೀಗೆ ದಿನವಿಡೀ ಕಹಿ ಹುಡುಕುವವರಾದ್ದರಿಂದ ಹೆಸರು ಕಹಿಯಣ್ಣ. ಅಪ್ಪ ಅಮ್ಮ ಇಟ್ಟ ಹೆಸರನ್ನು ಹಾಜರಿ ಕರೆಯುವವರೂ ಮರೆತಿದ್ದಾರಂತೆ. ಕೈ ನೋಡಿದರೆ ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು, ಮುಂಗೈ ಮೇಲೆ ಕ್ಷಾರ ಸುಟ್ಟ ಬಿಳಿ ಮಚ್ಚೆಗಳು.

"ನನ್ನ ಬಗ್ಗೆ ಯಾಕೆ ಬರೀತೀರಿ?" ಎಂದು ಮೊದಲ ದಿನವೇ ಕೇಳಿದ್ದರು. "ನಾನು ಮಾಡಿದ್ದು ಘನಕಾರ್ಯ ಏನಲ್ಲ. ಬರೆಯೋದೇ ಆದ್ರೆ ಒಂದು ಷರತ್ತು. ನನ್ನ ಹೆಂಡತಿಗೆ ನಾನು ಏನ್ ಮಾಡಿದೆ ಅನ್ನೋದನ್ನ ಬಿಡದ ಹಾಗೆ ಬರೀಬೇಕು. ಸಿಹಿ ಸವರಬಾರ್ದು."

ಸವರುವುದಿಲ್ಲ.

ಈ ಕಾರ್ಖಾನೆಯಲ್ಲಿ ಒಂದು ರೂಢಿ ಇದೆ. ಅಚ್ಚಿನಿಂದ ತೆಗೆಯುವಾಗ, ಕಾಗದ ಸುತ್ತುವಾಗ ಮುರಿದ ಚಾಕೊಲೇಟನ್ನು ಮಾರುವಂತಿಲ್ಲವಲ್ಲ, ಅದನ್ನು ಪೊಟ್ಟಣ ಕಟ್ಟಿ ಶನಿವಾರ ಮಧ್ಯಾಹ್ನ ಕೆಲಸಗಾರರಿಗೆ ತಲೆಗೊಂದರಂತೆ ಹಂಚುತ್ತಾರೆ. ಒಡಕು ಪೊಟ್ಟಣ ಎಂದು ಅದರ ಹೆಸರು. ಯಾರ ಕೈಗೆ ಹಾಲಿನದು, ಯಾರ ಕೈಗೆ ಕಪ್ಪು ಎಂಬುದು ಅವರವರ ಅದೃಷ್ಟ. ಹಾಗಾಗಿ ಗೇಟಿನ ಹೊರಗೆ ಪುಟ್ಟ ಸಂತೆಯೇ ನಡೆಯುತ್ತದೆ. ಮಕ್ಕಳಿರುವವರಿಗೆ ಹಾಲಿನದು ಬೇಕು. ಮನೆಯಲ್ಲಿ ಬಿ.ಪಿ., ಎದೆನೋವು ಇರುವವರು ಕಪ್ಪಿಗೆ ಕೈಚಾಚುತ್ತಾರೆ. ಕಪ್ಪು ಚಾಕೊಲೇಟಿನ ಹೊದಿಕೆಯ ಮೂಲೆಯಲ್ಲಿ ಒಂದು ಕೆಂಪು ಹೃದಯದ ಚಿತ್ರವಿದೆ. ಕ್ಯಾಂಟೀನಿನ ಗೋಡೆಯ ಮೇಲೆ ಯಾವುದೋ ಪತ್ರಿಕೆಯ ತುಣುಕೊಂದನ್ನು ಯಾರೋ ಅಂಟಿಸಿದ್ದರು: ಕಪ್ಪು ಚಾಕೊಲೇಟ್ ತಿಂದರೆ ರಕ್ತನಾಳ ಸಡಿಲವಾಗುತ್ತದೆ, ಒತ್ತಡ ಇಳಿಯುತ್ತದೆ, ಹೃದಯಕ್ಕೆ ಬಲ. ಎಷ್ಟು ಇಳಿಯುತ್ತದೆ, ಯಾರಿಗೆ, ಎಂಥ ಚಾಕೊಲೇಟಿನಿಂದ ಎಂಬುದನ್ನು ಬರೆದ ಪುಣ್ಯಾತ್ಮನಿಗೆ ಹೇಳಲು ಜಾಗ ಸಾಲಲಿಲ್ಲವೋ ಏನೋ. ನಮ್ಮ ಕಸುಬಿನವರ ಕೈಚಳಕ ನನಗೆ ಗೊತ್ತಿಲ್ಲದ್ದೇನಲ್ಲ.

ಕಹಿಯಣ್ಣನ ಹೆಂಡತಿಗೆ ಬಹಳ ವರ್ಷದಿಂದ ಬಿ.ಪಿ. ಇತ್ತು. ಮಾತ್ರೆ ನುಂಗುತ್ತಿದ್ದರು, ಹತೋಟಿಯಲ್ಲಿತ್ತು. ಆದರೆ ಮಾತ್ರೆಯಿಂದ ಕಾಲು ಊದುತ್ತಿತ್ತು. ಹೋಟೆಲೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಅವರದು, ನಿಂತೇ ಮಾಡಬೇಕು. ಸಂಜೆ ಮನೆಗೆ ಬಂದರೆ ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತುಹೋಗಿರುತ್ತಿತ್ತು. ಕಹಿಯಣ್ಣ ಬಕೆಟ್ಟಿನಲ್ಲಿ ಬಿಸಿನೀರು ಇಟ್ಟುಕೊಡುತ್ತಿದ್ದರು. "ಆ ಕಾಲು ನೋಡೋಕ್ಕಾಗ್ತಿರ್ಲಿಲ್ಲ ಮೇಡಂ. ಬೆರಳು ಒತ್ತಿದ್ರೆ ಗುಳಿ ಬಿದ್ದು ಹಾಗೇ ಇರ್ತಿತ್ತು. ಡಾಕ್ಟರ್ ಹತ್ರ ಹೋಗಿ ಮಾತ್ರೆ ಬದಲಾಯಿಸಿ ಅಂತ ಕೇಳ್ಬೋದಿತ್ತು. ಅದು ಹೊಳೀಲಿಲ್ಲ. ಹೊಳೆದದ್ದು ಇದು."

ಇದು ಎಂದರೆ ಒಡಕು ಪೊಟ್ಟಣ.

ಬೇರೆಯವರಿಗಾದರೆ ಒಂದು ಅನುಮಾನವಾದರೂ ಇರುತ್ತಿತ್ತು. ಕಹಿಯಣ್ಣನಿಗೆ ಇರಲಿಲ್ಲ, ಯಾಕೆಂದರೆ ಆ ಚಾಕೊಲೇಟನ್ನು ಕಪ್ಪು ಮಾಡುತ್ತಿದ್ದುದೇ ಅವರ ಕೈ. ಹೃದಯಕ್ಕೆ ಕಪ್ಪು ಒಳ್ಳೆಯದು ಎಂದು ಗೋಡೆಯ ಮೇಲಿದೆ, ಹಾಗಾದರೆ ಕಪ್ಪಾದಷ್ಟೂ ಒಳ್ಳೆಯದು, ಎಲ್ಲರಿಗಿಂತ ಕಪ್ಪು ಮಾಡಬಲ್ಲವರು ತಾವು. ಇನ್ನೇನು ಬೇಕು? ಹೆಂಡತಿಗೆಂದು ಅವರು ಹಾಲಿನದು ಬಂದರೆ ಕಪ್ಪಿಗೆ ಬದಲಾಯಿಸಿಕೊಂಡರು, ಕಪ್ಪಿನಲ್ಲೂ ಕಡುಕಪ್ಪನ್ನು ಆರಿಸಿದರು. ಒಗರು ಉಳಿದ, ಕೆಂಪಗಿರುವ ಚೂರು ಸಿಕ್ಕರೆ ಸರಿಯಾಗಿ ಪಾಕವಾಗಿಲ್ಲ ಎಂದು ಪಕ್ಕಕ್ಕಿಟ್ಟರು.

ಹೆಂಡತಿ ಒಪ್ಪಲಿಲ್ಲ. ಅವರ ಬಾಯಿ ಆ ಓಣಿಯಲ್ಲೇ ಹೆಸರುವಾಸಿ. ನಲ್ಲಿ ಸರದಿಯಲ್ಲಿ ಯಾರಾದರೂ ನುಸುಳಿದರೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರಂತೆ. ಗಂಡನಿಗಂತೂ ಬೆಳಗಿನಿಂದ ರಾತ್ರಿಯವರೆಗೆ ಸಹಸ್ರನಾಮ, ಅದರಲ್ಲೂ ಬೆಪ್ಪುತಕ್ಕಡಿ ಎಂಬುದು ಮುದ್ದಿನ ಹೆಸರು. "ಮಿಠಾಯಿ ತಿಂದು ರೋಗ ವಾಸಿಯಾಗೋದಾದ್ರೆ ಆಸ್ಪತ್ರೆ ಯಾಕ್ರೀ ಕಟ್ತಿದ್ರು, ಬೆಪ್ಪುತಕ್ಕಡಿ ಅಂದ್ಲು. ಸರಿಯಾಗೇ ಅಂದ್ಲು" ಎನ್ನುತ್ತಾರೆ ಕಹಿಯಣ್ಣ. ಮುಂದಿನದನ್ನು ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ, ಟೈಲ್ಸು ಉಜ್ಜುತ್ತಿರುತ್ತಾರೆ. "ನಾನೇ ಹಟ ಹಿಡಿದೆ. ಮಾತ್ರೆ ಪಟ್ಟಿ ಎತ್ತಿ ಕಸದ ಬುಟ್ಟಿಗೆ ಹಾಕ್ಬಿಟ್ಟೆ. ಊಟ ಆದ್ಮೇಲೆ ಒಂದೊಂದು ಚೂರು ಕೈಗಿಡ್ತಿದ್ದೆ. ಒಂದು ವಾರಕ್ಕೆ ಕಾಲಿನ ಊತ ಇಳೀತು. ನೋಡು, ಹೇಗೆ ಅಂದೆ. ಅವಳೂ ಸುಮ್ಮನಾದ್ಲು."

ಊತ ಇಳಿದದ್ದು ಮಾತ್ರೆ ನಿಂತದ್ದಕ್ಕೆ. ಅದನ್ನು ಚಾಕೊಲೇಟಿನ ಗುಣವೆಂದುಕೊಂಡರು. ಔಷಧಿ ಅಂಗಡಿಯಲ್ಲಿ ಒಮ್ಮೆ ಬಿ.ಪಿ. ನೋಡಿಸಿದಾಗ ಅಷ್ಟೇನೂ ಹೆಚ್ಚಿರಲಿಲ್ಲ. ಮಾತ್ರೆಯ ಪ್ರಭಾವ ಇನ್ನೂ ಪೂರ್ತಿ ಇಳಿದಿರಲಿಲ್ಲವೋ, ಆ ಯಂತ್ರವೇ ಸರಿಯಿರಲಿಲ್ಲವೋ. ಕಹಿಯಣ್ಣನಿಗೆ ಆಕಾಶಕ್ಕೆ ಮೂರೇ ಗೇಣು. ಶನಿವಾರ ಗೇಟಿನ ಹೊರಗೆ ನಿಂತು, ಕೇಳಿದವರಿಗೂ ಕೇಳದವರಿಗೂ, "ನಮ್ಮನೇಲಿ ಮಾತ್ರೆ ನಿಲ್ಲಿಸ್ಬಿಟ್ವಿ ಕಣ್ರೀ, ಇದೇ ಸಾಕು" ಎಂದು ಪೊಟ್ಟಣ ಎತ್ತಿ ತೋರಿಸಿದರು. ಕಪ್ಪು ಮಾಡುವವರೇ ಹೇಳಿದ ಮೇಲೆ ಯಾರು ತಾನೆ ನಂಬುವುದಿಲ್ಲ?

ಅದಾಗಿ ಕೆಲವು ತಿಂಗಳು. ಒಂದು ಸಂಜೆ ಕಹಿಯಣ್ಣ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರು. ಹೆಂಡತಿ ಶುರುಮಾಡಿದರು. "ಎಷ್ಟು ಸಲ ಹೇಳ್ಬೇಕ್ರೀ ನಿಮಗೆ, ಆ ಟವೆಲನ್ನ" ಎಂದವರು ಅಲ್ಲಿಗೇ ನಿಂತರು. ಕಹಿಯಣ್ಣ ಬೆನ್ನು ಹಾಕಿ ಕೂತಿದ್ದರು, ಉಳಿದದ್ದು ಬರಲಿ ಎಂದು ಕಾದರು. ಬರಲಿಲ್ಲ. ತಿರುಗಿ ನೋಡಿದರೆ ಹೆಂಡತಿಯ ಬಾಯಿ ಒಂದು ಕಡೆಗೆ ಜಾರಿದೆ, ಬಲಗೈ ಜೋತುಬಿದ್ದಿದೆ, ಕಣ್ಣು ಮಾತ್ರ ಇವರ ಮೇಲೇ ಇದೆ. ಮಿದುಳಿನ ಎಡಭಾಗದಲ್ಲಿ ರಕ್ತನಾಳ ಒಡೆದಿತ್ತು.

ಆಸ್ಪತ್ರೆಯಲ್ಲಿ ಅವರನ್ನು ನೋಡಿದ ವೈದ್ಯೆಯನ್ನು ನಾನು ಭೇಟಿಯಾದೆ. ಕಹಿಯಣ್ಣ ಅವರಿಗೆ ಚೆನ್ನಾಗಿ ನೆನಪಿದ್ದಾರೆ. "ಮಾತ್ರೆ ಯಾಕೆ ನಿಲ್ಲಿಸಿದ್ರಿ ಅಂತ ಕೇಳಿದೆ. ಚಾಕೊಲೇಟ್ ಕೊಡ್ತಿದ್ದೆ ಅಂದ್ರು. ಅದನ್ನ ಹೇಗೆ ಕಪ್ಪು ಮಾಡ್ತೀವಿ ಅಂತ ಅವರೇ ವಿವರಿಸಿದ್ರು. ಅದರಲ್ಲಿ ತಮ್ಮ ಹೆಂಡತಿಗೆ ಎಂಥ ಒಳ್ಳೇದನ್ನ ಆರಿಸ್ತಿದ್ದೆ ಅಂತ ನನಗೆ ಗೊತ್ತಾಗ್ಲಿ ಅಂತ. ಹೇಗೆ ಹೇಳೋದು ಇವರಿಗೆ ಅನ್ನಿಸ್ತು. ಆದ್ರೂ ಹೇಳ್ದೆ."

ಹೇಳಬೇಕಾಗಿದ್ದುದು ಇದು. ಕೋಕೋ ಬೀಜದಲ್ಲಿ ರಕ್ತನಾಳಕ್ಕೆ ಉಪಕಾರ ಮಾಡುವ ಅಂಶಗಳು ಇರುವುದು ನಿಜ. ಅವು ನಾಳದ ಒಳಪದರವನ್ನು ಚುರುಕು ಮಾಡಿ ನಾಳ ಕೊಂಚ ಹಿಗ್ಗುವಂತೆ ಮಾಡುತ್ತವೆ. ಆದರೆ ಒಗರು, ಕಹಿ ಎಂದು ನಾಲಿಗೆ ಗುರುತಿಸುವುದು ಬಹುಮಟ್ಟಿಗೆ ಅವನ್ನೇ. ಕ್ಷಾರದಲ್ಲಿ ಬೇಯಿಸಿದರೆ ಅವುಗಳಲ್ಲಿ ಬಹುಪಾಲು ಹಾಳಾಗುತ್ತವೆ. ಕಹಿಯಣ್ಣ ಡ್ರಮ್ಮಿನಲ್ಲಿ ಉರುಳಿಸಿ, ಬಾಯಲ್ಲಿ ಹೊರಳಿಸಿ, ಒಂದಿಷ್ಟೂ ಉಳಿಯದಂತೆ ತೆಗೆಯುತ್ತಿದ್ದುದು ಅದನ್ನೇ. ಪಾಕವಾಗಿಲ್ಲವೆಂದು ಪಕ್ಕಕ್ಕಿಟ್ಟ ಕೆಂಪು ಚೂರಿನಲ್ಲಿ ಅದು ಕೊಂಚ ಹೆಚ್ಚು ಇದ್ದಿರಬಹುದು.

"ಹಾಗಂತ ಆ ಕೆಂಪು ಚೂರು ಕೊಟ್ಟಿದ್ರೆ ಇದು ತಪ್ತಿತ್ತು ಅಂತ ದಯವಿಟ್ಟು ಬರೀಬೇಡಿ" ಎಂದರು ವೈದ್ಯೆ, ಮೇಜಿನ ಮೇಲೆ ಬೆರಳು ಕುಟ್ಟುತ್ತ. "ಕಹಿ ಇರೋ ಕೋಕೋ ತಿಂದವರಲ್ಲೂ ಒತ್ತಡ ಇಳಿಯೋದು ಸರಾಸರಿ ಎರಡು ಮೂರು ಅಂಕ. ಈಕೆಗೆ ಇಳೀಬೇಕಾಗಿದ್ದದ್ದು ಅರವತ್ತು ಎಪ್ಪತ್ತು. ಪ್ರವಾಹಕ್ಕೆ ಕೊಡೆ ಹಿಡಿದ ಹಾಗೆ. ಇಷ್ಟ ಆದ್ರೆ ಒಂದು ಚೂರು ತಿನ್ನಿ, ನಾನೂ ತಿಂತೀನಿ. ಅದರಲ್ಲಿ ಸಕ್ಕರೆ ಇದೆ, ಕೊಬ್ಬಿದೆ ಅನ್ನೋದು ನೆನಪಿರ್ಲಿ. ಔಷಧಿ ಅಂತ ಮಾತ್ರ ತಿನ್ಬೇಡಿ. ಮಾತ್ರೆಯಿಂದ ತೊಂದರೆ ಆದ್ರೆ ನಮ್ಮ ಹತ್ರ ಬನ್ನಿ, ಬೇರೆ ಮಾತ್ರೆ ಇದಾವೆ. ಈಗ ಆಕೆಗೆ ಕೊಡ್ತಿರೋ ಮಾತ್ರೆಯಿಂದ ಕಾಲು ಊದ್ತಿಲ್ಲ."

ಈ ಕೊನೆಯ ಮಾತು ಕಹಿಯಣ್ಣನಿಗೂ ಗೊತ್ತು. ಅದನ್ನು ಅವರು ನನಗೆ ಎರಡು ಸಲ ಹೇಳಿದರು.

ಹೆಂಡತಿ ಆಸ್ಪತ್ರೆಯಿಂದ ಮನೆಗೆ ಬಂದು ಒಂದೂವರೆ ವರ್ಷವಾಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಇಲ್ಲ. ಹೇಳಿದ್ದು ಅರ್ಥವಾಗುತ್ತದೆ. ಮಾತು ಮರಳುವ ಕಾಲ ಬಹುಮಟ್ಟಿಗೆ ಕಳೆದುಹೋಯಿತು, ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ವೈದ್ಯೆ ನನಗೆ ಹೇಳಿದ್ದನ್ನು ಕಹಿಯಣ್ಣನಿಗೂ ಹೇಳಿದ್ದಾರೆ.

ಕಹಿಯಣ್ಣ ಮ್ಯಾನೇಜರರನ್ನು ಎರಡು ವಿಷಯ ಕೇಳಿದರು. ಹೊದಿಕೆಯ ಮೇಲಿನ ಹೃದಯ ತೆಗೆಯಿರಿ, ನನ್ನನ್ನು ಡ್ರಮ್ಮಿನ ಕೆಲಸದಿಂದ ಬಿಡಿಸಿ. "ಔಷಧಿ ಅಂತ ಎಲ್ಲಾದ್ರೂ ಬರ್ದಿದೀವೇನಪ್ಪಾ? ಚಿತ್ರ ತಾನೆ ಅದು" ಎಂಬುದು ಮೊದಲನೆಯದಕ್ಕೆ ಉತ್ತರ. ನಿಮ್ಮ ಹಾಗೆ ಬಣ್ಣ ನೋಡುವವರು ಇನ್ನೊಬ್ಬರಿಲ್ಲ ಎಂಬುದು ಎರಡನೆಯದಕ್ಕೆ. ಹಿಂದೆ ಇದೇ ಹೊಗಳಿಕೆ ಕೇಳಿದ್ದರೆ ಮನೆಗೆ ಓಡಿ ಹೆಂಡತಿಗೆ ಹೇಳುತ್ತಿದ್ದರು. ಈಗ ಮೈಯೆಲ್ಲ ಉರಿದುಹೋಯಿತಂತೆ. ಆದರೂ ಬಿಟ್ಟು ಹೋಗುವುದೆಲ್ಲಿಗೆ? ಮಾರನೆಯ ಬೆಳಗ್ಗೆ ಮತ್ತೆ ಗ್ಲೌಸು ಹಾಕಿಕೊಂಡರು.

ಆದರೆ ಕ್ಯಾಂಟೀನ್ ಗೋಡೆಯ ತುಣುಕನ್ನು ತಾವೇ ಉಗುರಿನಿಂದ ಕೆರೆದು ತೆಗೆದರು. ಆಮೇಲೆ ತಾವು ಬಾಯಿಬಿಟ್ಟು ಹೇಳಿದ್ದನ್ನು ಒಬ್ಬೊಬ್ಬರಿಂದಲೂ ವಾಪಸು ಪಡೆಯಲು ಹೊರಟರು. ಶನಿವಾರ ಗೇಟಿನ ಹೊರಗೆ ಈಗಲೂ ನಿಲ್ಲುತ್ತಾರೆ. ಪೊಟ್ಟಣ ಬದಲಾಯಿಸಲು ಬಂದವರನ್ನು ತಡೆದು, "ಬೆಳಗ್ಗೆ ಮಾತ್ರೆ ಆಯ್ತಾ?" ಎನ್ನುತ್ತಾರೆ. ಮಾತ್ರೆ ಇನ್‌ಸ್ಪೆಕ್ಟರ್ ಬಂದ್ರು ನೋಡಪ್ಪೋ ಎಂದು ನಗುವವರಿದ್ದಾರೆ. ಆಯ್ತು ಮಾರಾಯ, ಬೇಕಾದ್ರೆ ಬಾಯಿ ಮೂಸಿ ನೋಡು ಎಂದು ರೇಗುವವರಿದ್ದಾರೆ. ಹೇಗೋ, ಅವರ ಮಾತು ನಂಬಿ ಮಾತ್ರೆ ಬಿಟ್ಟಿದ್ದವರೆಲ್ಲ ಒಬ್ಬೊಬ್ಬರಾಗಿ ಮತ್ತೆ ಶುರುಮಾಡಿದ್ದಾರೆ.

ಒಬ್ಬರ ಹೊರತು. ಅವರೇ ಜರಡಿಯಕ್ಕ.

ಜರಡಿಯಕ್ಕ ಸಿಪ್ಪೆ ಹಾರಿಸುವ ಯಂತ್ರದ ಮುಂದೆ ನಿಂತು ಜರಡಿ ಹಿಡಿಯುವವರು. ಕಹಿಯಣ್ಣನಿಗಿಂತ ಹಿರಿಯರು, ಅವರನ್ನು ಈ ಕೆಲಸಕ್ಕೆ ಸೇರಿಸಿದವರೂ ಈ ಅಕ್ಕನೇ. ತಲೆಗೂದಲಿಂದ ಕಾಲ್ಬೆರಳವರೆಗೆ ಸದಾ ಕಂದು ಧೂಳು. ಬಿ.ಪಿ. ಜೋರಾಗಿದೆ. ಕಹಿಯಣ್ಣನ ಮಾತು ಕೇಳಿ ಮಾತ್ರೆ ಬಿಟ್ಟವರು ಬಿಟ್ಟೇಬಿಟ್ಟರು. "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಎಂದು ನನ್ನೆದುರೇ ತೋಳು ತಟ್ಟಿಕೊಂಡರು. "ಬಿಡು ಅಂದವನೂ ಇವನೇ, ತಗೋ ಅನ್ನೋನೂ ಇವನೇ. ಇವನು ದಿನಕ್ಕೊಂದು ಹೇಳಿದ್ರೆ ನಾನು ದಿನಕ್ಕೊಂದು ಮಾಡೋಕೆ ನಾನೇನು ಇವನ ಡ್ರಮ್ಮಾ?"

ಅವರನ್ನು ಒಮ್ಮೆ ಮನೆಗೆ ಕರೆದುಕೊಂಡು ಹೋಗಿ ಹೆಂಡತಿಯನ್ನು ತೋರಿಸಬೇಕೆಂದು ಕಹಿಯಣ್ಣ ವರ್ಷದಿಂದ ಗೋಗರೆಯುತ್ತಿದ್ದಾರೆ. ಅಕ್ಕನಿಗೂ ಏನಾದರೂ ಆದರೆ ತಾವು ತಲೆ ಎತ್ತಿ ನಡೆಯಲಾಗದು ಎನ್ನುತ್ತಾರೆ. ಅಕ್ಕನಿಗೆ ಪ್ರತಿ ಸಲವೂ ಒಂದು ನೆಪ. ಕಾಲು ನೋವು, ನೆಂಟರು, ಬಟ್ಟೆ ಒಗೆಯುವುದಿದೆ. ಕಾಣಲು ಹೆದರಿಕೆ, ಅಷ್ಟೇ. ಹಾಸಿಗೆ ಹಿಡಿದಿರುವವಳು ಒಂದು ಕಾಲದಲ್ಲಿ ಅವರ ಜೀವದ ಗೆಳತಿ. ಅಕ್ಕ ಮಾತ್ರೆ ಬಿಟ್ಟ ಸಂಗತಿಯನ್ನು ಕಹಿಯಣ್ಣ ಹೆಂಡತಿಗೂ ಹೇಳಿದ್ದಾರೆ.

ನಾನು ಅವರ ಮನೆಗೆ ಹೋದದ್ದು ಒಂದು ಶನಿವಾರ. ಪಾಳಿ ಮುಗಿಯಿತು, ಪೊಟ್ಟಣ ಹಂಚಿದರು, ಕಹಿಯಣ್ಣ ತಮ್ಮ ಪಾಲು ಎಂದಿನಂತೆ ಬೇಡವೆಂದರು. ನಾನು ಅವರ ಮನೆಗೆ ಹೊರಟಿರುವುದನ್ನು ಕೇಳಿ ಜರಡಿಯಕ್ಕ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು. "ಪೇಪರ್‌ನೋರು ಬರ್ತಿದಾರೆ ಅಂದ್ರೆ ನಾನೂ ಬರ್ತೀನಪ್ಪ. ಫೋಟೋದಲ್ಲಿ ಇವನೊಬ್ಬನೇ ಇದ್ರೆ ನಿಮ್ಮ ಪೇಪರ್ ಯಾರು ನೋಡ್ತಾರೆ?" ಎಂದರು. ಕಹಿಯಣ್ಣ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಮರೆಯಲಾರೆ. ಬೇಡುವವರ ನೋಟ ಅದು. ಕ್ಯಾಮೆರಾ ತಂದಿರಲಿಲ್ಲ, ಆದರೂ ಹೂಂ ಎಂದೆ.

ಮೂರನೆಯ ಮಹಡಿಯ ಒಂದೂವರೆ ಕೋಣೆ. ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಬಂದ ದಿನ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದದ್ದೇ ಕೊನೆ, ಆಮೇಲೆ ಅವರು ಬೀದಿಗೆ ಇಳಿದಿಲ್ಲ. ಬೆಳಗಿನ ಹೊತ್ತು ನೋಡಿಕೊಳ್ಳುವ ಮಗಳು ಲಾಂಡ್ರಿಯ ಮಧ್ಯಾಹ್ನದ ಪಾಳಿಗೆ ಹೊರಟು ಬಾಗಿಲಲ್ಲೇ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. "ಅಮ್ಮಂಗೆ ಊಟ ಆಯ್ತಪ್ಪಾ, ಮಗ್ಗುಲು ಬದಲಾಯಿಸ್ಬೇಕು" ಎಂದು ಹೇಳಿ ಮೆಟ್ಟಿಲಿಳಿಯುತ್ತಾಳೆ. ಅಪ್ಪ ಮಗಳು ದಿನದಲ್ಲಿ ಸರಿಯಾಗಿ ಮುಖ ನೋಡುವುದು ಇಷ್ಟೇ ಹೊತ್ತು.

ಕಿಟಕಿಯ ಪಕ್ಕ ಕಬ್ಬಿಣದ ಮಂಚ. ಕಿಟಕಿಯ ಕಟ್ಟೆಯ ಮೇಲೆ ಮಾತ್ರೆಯ ಪಟ್ಟಿ, ನೀರಿನ ಲೋಟ, ಒಂದು ಹಿತ್ತಾಳೆ ಗಂಟೆ. ಕರೆಯಬೇಕಾದರೆ ಹೆಂಡತಿ ಎಡಗೈಯಲ್ಲಿ ಆ ಗಂಟೆ ಅಲ್ಲಾಡಿಸುತ್ತಾರೆ. ಹಾಸಿಗೆಯಲ್ಲಿ ಇರುವವರು ಇಷ್ಟು ಚಿಕ್ಕವರೇ ಎಂದು ನನಗೆ ಅನ್ನಿಸಿತು. ಓಣಿಯನ್ನೇ ನಡುಗಿಸಿದ ಬಾಯಿ ಬಲಕ್ಕೆ ಜೋತಿದೆ, ಅಂಚಿನಲ್ಲಿ ಜೊಲ್ಲು. ಕಹಿಯಣ್ಣ ಒಳಗೆ ಬಂದವರೇ ಮೊದಲು ಅದನ್ನು ಒರೆಸಿದರು, ಆಮೇಲೆ ಟವೆಲನ್ನು ಜೋಪಾನವಾಗಿ ಗೂಟಕ್ಕೆ ನೇತುಹಾಕಿದರು.

ಜರಡಿಯಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟರು. ದಾರಿಯುದ್ದಕ್ಕೂ ಒಂದೇ ಸಮನೆ ಮಾತಾಡುತ್ತ ಬಂದವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಬಾ ಅಕ್ಕಾ, ಕೂತ್ಕೋ" ಎಂದರು ಕಹಿಯಣ್ಣ. ಅಕ್ಕ ಬಂದು ಮಂಚದ ತುದಿಯಲ್ಲಿ ಕೂತರು. ರೋಗಿಯನ್ನು ನೋಡಲು ಬಂದವರು ಬರಿಗೈಯಲ್ಲಿ ಬರಬಾರದಲ್ಲ. ಏನು ಮಾಡಲೂ ತೋಚದೆ ತಮ್ಮ ಚೀಲಕ್ಕೆ ಕೈ ಹಾಕಿ, ಆಗಷ್ಟೇ ಗೇಟಿನಲ್ಲಿ ಸಿಕ್ಕಿದ್ದ ಒಡಕು ಪೊಟ್ಟಣ ತೆಗೆದು ಹೊದಿಕೆಯ ಮೇಲೆ ಇಟ್ಟರು.

"ತಗೋ ತಾಯಿ. ಕಪ್ಪಿಂದೇ. ಎದೆಗೆ ಒಳ್ಳೇದು."

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಕೈ ಬಾಯಿಗೆ ಹೋಯಿತು. ಕಹಿಯಣ್ಣ ಗೋಡೆಗೆ ಒರಗಿದರು. ಆ ಮನೆಯೊಳಗೆ ಆ ಪೊಟ್ಟಣ ಬಂದು ಒಂದೂವರೆ ವರ್ಷವಾಗಿತ್ತು.

ಹೆಂಡತಿಯ ಎಡಗೈ ನಿಧಾನವಾಗಿ ಹೊದಿಕೆಯ ಮೇಲೆ ತೆವಳಿಕೊಂಡು ಬಂತು. ಪೊಟ್ಟಣ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಎಸೆದರು. ಅದು ದೂರವೇನೂ ಹೋಗಲಿಲ್ಲ, ಜರಡಿಯಕ್ಕನ ಮಡಿಲಿಗೆ ತಾಗಿ ನೆಲಕ್ಕೆ ಬಿದ್ದು ಒಡೆಯಿತು. ಕಪ್ಪು ಚೂರುಗಳು ಮಂಚದ ಕೆಳಗೆ ಉರುಳಿದವು. ಅದರ ಹಿಂದೆಯೇ ಅವರ ಗಂಟಲಿನಿಂದ ಸದ್ದು ಹೊರಟಿತು. ಅಕ್ಷರವಿಲ್ಲ, ಪದವಿಲ್ಲ. ಆದರೆ ಬೈಗುಳದ ಏರಿಳಿತ ಹಾಗೇ ಇತ್ತು. ಶುರುವಿನ ಗದರಿಕೆ, ನಡುವಿನ ಪ್ರಶ್ನೆ, ಬುದ್ಧಿ ಎಲ್ಲಿಟ್ಟಿದ್ದೆ ಎಂಬ ಹಂಗಿಸುವ ಎಳೆತ, ಮತ್ತೆ ಮೊದಲಿನಿಂದ. ಕೇಳಿಸಿಕೊಂಡ ಯಾರಿಗಾದರೂ ಅದು ಏನೆಂದು ಗೊತ್ತಾಗುತ್ತಿತ್ತು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ತುಂಬಿತು, ನಿಲ್ಲಿಸಲಿಲ್ಲ. ಕೊನೆಗೆ ಎಡಗೈ ಎತ್ತಿ ಕಿಟಕಿಯ ಕಟ್ಟೆಯ ಮೇಲಿನ ಮಾತ್ರೆ ಪಟ್ಟಿಯನ್ನು ತೋರಿಸಿದರು, ಆಮೇಲೆ ಜರಡಿಯಕ್ಕನ ಎದೆಗೆ ಬೆರಳು ನೆಟ್ಟರು. ಮತ್ತೆ ಪಟ್ಟಿ. ಮತ್ತೆ ಎದೆ.

"ಆಯ್ತು ಕಣೇ, ಆಯ್ತು. ತಗೋತೀನಿ" ಎಂದು ಜರಡಿಯಕ್ಕ ಅಳತೊಡಗಿದರು. ಗಟ್ಟಿಯಾಗಿ, ಮೂಗು ಸೊರಸೊರ ಎನ್ನಿಸುತ್ತ ಅತ್ತರು. ಆ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ಆಮೇಲೆ ಮಂಡಿಯೂರಿ ಮಂಚದ ಕೆಳಗಿನ ಚೂರುಗಳನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿಕೊಂಡರು. "ನಾನು ಯಾವ ಮಾತ್ರೆ ತಗೋತಿದ್ದೆ ಅನ್ನೋದೇ ಮರೆತುಹೋಗಿದೆ ಕಣೋ" ಎಂದರು ನೆಲ ನೋಡುತ್ತಲೇ. "ಸೋಮವಾರ ಆಸ್ಪತ್ರೆಗೆ ಬರ್ತೀನಿ. ನೀನೂ ಜೊತೆಗೆ ಬಾ. ಆ ಡಾಕ್ಟರಮ್ಮ ಬೈದ್ರೆ ನಿನ್ನನ್ನ ಮುಂದೆ ತಳ್ತೀನಿ."

"ಆಯ್ತಕ್ಕ" ಎಂದರು ಕಹಿಯಣ್ಣ.

ಹೆಂಡತಿ ಸುಸ್ತಾಗಿ ಕಣ್ಣು ಮುಚ್ಚಿದ್ದರು. ಕಹಿಯಣ್ಣ ಅವರ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು ಮಧ್ಯಾಹ್ನದ ಮಾತ್ರೆಯನ್ನು ಅರೆದು ಚಮಚದಲ್ಲಿ ಕೊಟ್ಟರು. ಅವರು ಕಣ್ಣು ತೆರೆದು ಗಂಡನನ್ನು ನೋಡಿದರು. ನಾನೂ ಕಾದೆ, ಈಗಲಾದರೂ ಆ ಸದ್ದು ಬರುತ್ತದೆಯೇ ಎಂದು. ಬರಲಿಲ್ಲ. ನುಂಗಿ, ಮುಖವನ್ನು ಕಿಟಕಿಯ ಕಡೆಗೆ ಹೊರಳಿಸಿದರು. ಕಹಿಯಣ್ಣ ನಿಧಾನವಾಗಿ ಮಗ್ಗುಲು ಬದಲಾಯಿಸಿ, ಬೆನ್ನಿಗೆ ದಿಂಬು ಕೊಟ್ಟರು.

ಜರಡಿಯಕ್ಕ ಅಲ್ಲೇ ಉಳಿದರು. ನನ್ನನ್ನು ಕಳಿಸಲು ಕಹಿಯಣ್ಣ ಮೆಟ್ಟಿಲಿಳಿದು ಬೀದಿಬಾಗಿಲಿನವರೆಗೆ ಬಂದರು. ಅಕ್ಕ ಒಪ್ಪಿದರಲ್ಲ, ದೊಡ್ಡ ಭಾರ ಇಳಿಯಿತಲ್ಲ ಎಂದೆ. ತಲೆಯಾಡಿಸಿದರು. ಈ ಅಂಕಣದಲ್ಲಿ ಕೊನೆಗೆ ಎಲ್ಲರನ್ನೂ ಕೇಳುವುದನ್ನು ಅವರನ್ನೂ ಕೇಳಿದೆ: ನಿಮಗೆ ಇನ್ನೇನು ಆಸೆ? ಅವರು ಉಗುರಿನ ಸಂದಿಯ ಕಪ್ಪನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತ ನಿಂತರು. ಮೇಲಿನ ಕಿಟಕಿಯಿಂದ ಜರಡಿಯಕ್ಕ ಏನೋ ಹೇಳುತ್ತಿರುವುದು ಕೇಳುತ್ತಿತ್ತು.

"ಅಕ್ಕಂಗೆ ಬೈದ್ಲು, ಕೇಳಿದ್ರಲ್ಲ?" ಎಂದರು. "ಒಂದೂವರೆ ವರ್ಷದಲ್ಲಿ ಇದೇ ಮೊದಲು. ನನ್ನನ್ನ ಒಂದು ಸಲಾನೂ ಬೈದಿಲ್ಲ ಮೇಡಂ. ನೋಡ್ತಾಳೆ, ಕೊಟ್ಟಿದ್ದು ನುಂಗ್ತಾಳೆ, ಅಷ್ಟೇ. ಆವತ್ತು ಆ ಟವೆಲ್ ವಿಷಯ ಅರ್ಧ ಬೈದಿದ್ಲು. ಬಾಕಿ ಅರ್ಧ ಹಾಗೇ ಇದೆ. ಅಕ್ಷರ ಇಲ್ದಿದ್ರೂ ಚಿಂತೆಯಿಲ್ಲ, ಇವತ್ತಿನ ಹಾಗೆ ಬರೀ ಸದ್ದಾದ್ರೂ ಸಾಕು. ಅದೊಂದು ಬೈಸ್ಕೊಂಡುಬಿಟ್ರೆ ನನಗೆ ಬೇರೇನೂ ಬೇಡ."